ಬೋರ್‌ವೆಲ್ ನೀರಿನಲ್ಲಿ ರಾಮ್ ಸಿಕ್ಲಿಡ್

ರಾಯಚೂರಿನ ಬೋರ್‌ವೆಲ್ ನೀರು ತುಂಬಿದ ಎರಡಡಿ ತೊಟ್ಟಿಯಲ್ಲಿ ಒಂದು ಜೋಡಿ ಅಲಂಕಾರಿಕ ಮೀನುಗಳಾದ ರಾಮ್ ಸಿಕ್ಲಿಡ್‌ಗಳನ್ನು ನಿಯಾನ್ ಟೆಟ್ರಾ ಎಂಬ ಪುಟ್ಟ ಮೀನುಗಳ ಜೊತೆ ಸಾಕಬಹುದೇ ಎಂದು ಕೇಳಿದ್ದೀರಿ. ಜೋಡಿಗೆ ಆ ತೊಟ್ಟಿ ಸಾಕು, ತೊಡಕಿರುವುದು ನೀರಿನಲ್ಲಿ. ವೆನೆಜುವೆಲಾ ಮತ್ತು ಕೊಲಂಬಿಯಾಗಳ ಒರಿನೋಕೊ ಕಣಿವೆಯ ಮೃದುವಾದ, ತುಸು ಆಮ್ಲೀಯ ನೀರಿಗೆ ಒಗ್ಗಿದ ಈ ಮೀನಿಗೆ, ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಂತಹ ಗಡಸು ನೀರು ಹಿಡಿಸುವುದಿಲ್ಲ. ಆರ್‌ಒ ಯಂತ್ರದಲ್ಲಿ ಲವಣ ತೆಗೆದ ನೀರನ್ನು ಬೆರೆಸಿ, ವಾರಕ್ಕೊಮ್ಮೆ ಕಾಲುಭಾಗವನ್ನು ಅದೇ ಪ್ರಮಾಣದ ಮಿಶ್ರಣದಿಂದ ಬದಲಿಸಿರಿ. ಅದು ಆಗದಿದ್ದರೆ ಇದರ ಹತ್ತಿರದ ಜಾತಿಯಾದ ಬೊಲಿವಿಯನ್ ರಾಮ್ ತರುವುದು ಲೇಸು; ಬಣ್ಣ ಮಂಕಾದರೂ ಜೀವ ಗಟ್ಟಿ. ರಾಮ್‌ಗೆ 27ರಿಂದ 30 ಡಿಗ್ರಿ ಹಿತವಾಗಿದ್ದು, ನಿಯಾನ್‌ಗೆ ಅದು ಹೆಚ್ಚಾಗುವುದರಿಂದ ಕಾರ್ಡಿನಲ್ ಟೆಟ್ರಾಗಳನ್ನು ಆರಿಸಿಕೊಳ್ಳಿರಿ. ಮೇ ತಿಂಗಳ ಸೆಕೆಯಲ್ಲಿ ಮುಚ್ಚಳದ ಬದಲು ಬಲೆ ಹೊದಿಸಿ, ನೀರಿನ ಮೇಲೆ ಫ್ಯಾನ್ ಗಾಳಿ ಬೀಸುವಂತಿರಲಿ. ಏರ್ ಪಂಪ್ ಹಗಲಿರುಳೂ ನಡೆಯಲಿ.