ಮಕ್ಕಳ ಹಾರ್ಮೋನು ಚಿಕಿತ್ಸೆಯಲ್ಲಿ ಉನ್ನತ ತರಬೇತಿ: ಅರ್ಜಿ ಹಾಕುವ ಮುನ್ನ

ಪ್ರಶ್ನೆ: ನಾನು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂಡಿ ಕೊನೆಯ ವರ್ಷ ಓದುತ್ತಿದ್ದೇನೆ. ಟೈಪ್ 1 ಮಧುಮೇಹದ ಮಕ್ಕಳನ್ನು ನೋಡುತ್ತಾ ಪೀಡಿಯಾಟ್ರಿಕ್ ಎಂಡೋಕ್ರಿನಾಲಜಿಯಲ್ಲಿಯೇ ಮುಂದುವರಿಯುವ ಮನಸ್ಸಾಗಿದೆ. ಅಮೆರಿಕದ ಫೆಲೋಶಿಪ್‌ಗೆ ಇಲ್ಲಿಂದಲೇ ನೇರವಾಗಿ ಅರ್ಜಿ ಹಾಕಬಹುದೇ? ಅಥವಾ ಇಲ್ಲಿಯೇ ಓದುವುದು ಒಳ್ಳೆಯದೇ? ಅರ್ಜಿಯೊಂದಿಗೆ ಕೊಡುವ ಪರ್ಸನಲ್ ಸ್ಟೇಟ್‌ಮೆಂಟಿನಲ್ಲಿ ಏನು ಬರೆಯಬೇಕು?
– ಯುವ ವೈದ್ಯೆ, ದಾವಣಗೆರೆ

ಉತ್ತರ: ನೇರ ಪ್ರವೇಶವನ್ನು ನೆಚ್ಚಿಕೊಳ್ಳಬೇಡಿ. ವಿದೇಶದಲ್ಲಿ ಎಂಡಿ ಮುಗಿಸಿದವರನ್ನು ವಿಶೇಷ ವಿನಾಯಿತಿಯ ಮೇಲೆ ಸೇರಿಸಿಕೊಳ್ಳುವ ಸಂಸ್ಥೆಗಳು ಅಲ್ಲಿ ಅಪರೂಪಕ್ಕೆ ಇವೆಯಾದರೂ, ಅಮೆರಿಕ ಅಥವಾ ಕೆನಡಾದಲ್ಲಿ ಮಕ್ಕಳ ವಿಭಾಗದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿದ್ದು ಪಡೆಯುವ ಸ್ನಾತಕೋತ್ತರ ತರಬೇತಿ) ಮಾಡದವರಿಗೆ ಅಲ್ಲಿನ ಬೋರ್ಡ್ ಮಾನ್ಯತೆ, ಅಂದರೆ ತಜ್ಞರೆಂಬ ಅಧಿಕೃತ ಮನ್ನಣೆ, ಸಾಮಾನ್ಯವಾಗಿ ದೊರೆಯುವುದಿಲ್ಲ. ಆದ್ದರಿಂದ ಅಮೆರಿಕದ ವೈದ್ಯ ಪರವಾನಗಿಗೆ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷೆಗಳು, ವಿದೇಶಿ ವೈದ್ಯ ಪದವೀಧರರಿಗೆ ಕೊಡುವ ಇಸಿಎಫ್‌ಎಂಜಿ ಪ್ರಮಾಣಪತ್ರ, 3 ವರ್ಷಗಳ ರೆಸಿಡೆನ್ಸಿ, ಆಮೇಲೆ 3 ವರ್ಷಗಳ ಫೆಲೋಶಿಪ್ ಎಂದು ಲೆಕ್ಕ ಹಾಕಿಕೊಳ್ಳಿ. ರೆಸಿಡೆನ್ಸಿಯ ಮೂರನೆಯ ವರ್ಷದ ಆರಂಭದಲ್ಲಿ, ಜುಲೈ ಹೊತ್ತಿಗೆ, ಇರಾಸ್ ಎಂಬ ಆನ್‌ಲೈನ್ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಸಂದರ್ಶನಗಳ ನಂತರ ಡಿಸೆಂಬರಿನಲ್ಲಿ ಮ್ಯಾಚ್ (ಅಭ್ಯರ್ಥಿಗಳ ಮತ್ತು ಸಂಸ್ಥೆಗಳ ಆದ್ಯತೆಗಳನ್ನು ಹೊಂದಿಸಿ ಸೀಟು ಹಂಚುವ ವ್ಯವಸ್ಥೆ) ಫಲಿತಾಂಶ ಬರುತ್ತದೆ. ಈ ವಿಭಾಗದಲ್ಲಿ ಅಲ್ಲಿ ಪ್ರತಿವರ್ಷ ಕೆಲವು ಸೀಟುಗಳು ಖಾಲಿ ಉಳಿಯುತ್ತವೆ. ಮತ್ತೆ 3 ವರ್ಷ ಕಲಿತರೂ ಸಂಪಾದನೆ ಸಾಮಾನ್ಯ ಮಕ್ಕಳ ವೈದ್ಯರಿಗಿಂತ ಹೆಚ್ಚಾಗದಿರುವುದು ಅದಕ್ಕೆ ಒಂದು ಮುಖ್ಯ ಕಾರಣ. ಜೆ-1 ವೀಸಾದಲ್ಲಿ ಹೋದವರು ತರಬೇತಿಯ ನಂತರ 2 ವರ್ಷ ಸ್ವದೇಶದಲ್ಲಿರಬೇಕು, ಇಲ್ಲವೇ ಅದರಿಂದ ವಿನಾಯಿತಿ ಪಡೆಯಬೇಕು.

ಭಾರತದಲ್ಲಿ ಎಂಡಿ ನಂತರದ ಸೂಪರ್ ಸ್ಪೆಷಾಲಿಟಿ ಪದವಿಯಾದ 3 ವರ್ಷಗಳ ಡಿಎಂ ಇದೆ. ಚಂಡೀಗಢದ ಪಿಜಿಐನಂಥ ಸಂಸ್ಥೆಗಳಿಗೆ ಐಎನ್‌ಐ-ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಸೀಟುಗಳು ಬಹಳ ಕಡಿಮೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಫೆಲೋಶಿಪ್ ಬೆಂಗಳೂರಿನಲ್ಲಿಯೇ ಒಳ್ಳೆಯ ಅನುಭವ ನೀಡಬಲ್ಲುದು, ಆದರೆ ಅದು ಡಿಎಂಗೆ ಸಮನಾದ ಪದವಿಯಲ್ಲ. ಸೂಪರ್ ಸ್ಪೆಷಾಲಿಟಿ ವಿಭಾಗದಲ್ಲಿ ಬೋಧಕರಾಗುವ ಆಸೆಯಿದ್ದರೆ ಡಿಎಂಗೇ ಪ್ರಯತ್ನಿಸಿ. ಜಿಲ್ಲಾ ಕೇಂದ್ರದಲ್ಲಿ ನಿಂತು ಚಿಕಿತ್ಸೆ ನೀಡುವುದೇ ಗುರಿಯಾದರೆ ಫೆಲೋಶಿಪ್ ಸಾರ್ಥಕ ಆಯ್ಕೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಂಥ ತಜ್ಞರ ಅಗತ್ಯ ದಾವಣಗೆರೆಯಂಥ ಊರುಗಳಲ್ಲಿ ಬಹಳವಾಗಿದೆ.

ಇನ್ನು ಬರಹದ ವಿಚಾರ. ಒಂದು ಪುಟ ಸಾಕು. ಚಿಕ್ಕಂದಿನಿಂದ ವೈದ್ಯಳಾಗುವ ಕನಸಿತ್ತು ಎಂಬಲ್ಲಿಂದ ಆರಂಭಿಸುವುದು ಬೇಡ. ಈ ವಿಭಾಗದ ಮಕ್ಕಳು ವರ್ಷಾನುಗಟ್ಟಲೆ ಅದೇ ವೈದ್ಯರ ಬಳಿಗೆ ಬರುತ್ತಾರೆ. ಆದ್ದರಿಂದ ನೀವು ತಿಂಗಳುಗಟ್ಟಲೆ ನಿಗಾ ವಹಿಸಿದ ಒಂದು ಮಗುವಿನ ಬಗ್ಗೆ, ಗುರುತು ಬಿಟ್ಟುಕೊಡದೆ, ವಿವರವಾಗಿ ಬರೆಯಿರಿ. ಫ್ರಿಜ್ ಇಲ್ಲದ ಮನೆಯಲ್ಲಿ ಇನ್ಸುಲಿನ್ ಕೆಡದಂತೆ ಮಣ್ಣಿನ ಮಡಕೆಯಲ್ಲಿಡಲು ತಾಯಿಗೆ ಹೇಳಿಕೊಟ್ಟಿದ್ದರೆ, ಶಾಲೆಯಲ್ಲಿ ಮಧ್ಯಾಹ್ನದ ಇಂಜೆಕ್ಷನ್ ಕುರಿತು ಶಿಕ್ಷಕರೊಡನೆ ಮಾತಾಡಿದ್ದರೆ, ಗ್ಲುಕೋಸ್ ಸ್ಟ್ರಿಪ್‌ಗೆ ಹಣವಿಲ್ಲದಾಗ ಯಾವ ಹೊತ್ತಿನ ಪರೀಕ್ಷೆಗಳನ್ನು ಉಳಿಸಿಕೊಂಡಿರಿ, ಯಾಕೆ ಎಂಬುದು ನೆನಪಿದ್ದರೆ, ಅದನ್ನೇ ಹೇಳಿ. ಆಯ್ಕೆ ಮಾಡುವವರಿಗೆ ನಿಮ್ಮ ತೀರ್ಮಾನಶಕ್ತಿ ಕಾಣುವುದು ಅಂಥ ಕಡೆಯೇ.

ಸಂಶೋಧನೆಯ ಆಸಕ್ತಿಯೂ ಅಷ್ಟೇ ನಿರ್ದಿಷ್ಟವಾಗಿರಲಿ. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಶಿಶುವಿಗೆ ಮೊದಲ 2 ವಾರಗಳೊಳಗೆ ಔಷಧಿ ಆರಂಭವಾದರೆ ಬುದ್ಧಿಮಾಂದ್ಯವನ್ನು ಬಹುಮಟ್ಟಿಗೆ ತಪ್ಪಿಸಬಹುದು, ಆದರೆ ಇದನ್ನು ಪತ್ತೆಹಚ್ಚುವ, ಶಿಶುವಿನ ಹಿಮ್ಮಡಿಯ ರಕ್ತದ ಹನಿಯ ತಪಾಸಣೆ ನಮ್ಮಲ್ಲಿ ಇನ್ನೂ ಎಲ್ಲ ಹೆರಿಗೆ ಆಸ್ಪತ್ರೆಗಳಿಗೆ ತಲುಪಿಲ್ಲ. ನಿಮ್ಮ ಆಸ್ಪತ್ರೆಯಲ್ಲಿ ವರದಿ ಬರಲು, ತಾಯಿಯನ್ನು ಮರಳಿ ಕರೆಸಲು ಎಷ್ಟು ದಿನ ಹಿಡಿಯುತ್ತದೆಂದು ದಾಖಲಿಸಿದರೂ ಅದು ನಿಜವಾದ ಕೆಲಸವೇ. ಶಿಫಾರಸು ಪತ್ರವನ್ನು ಹೆಸರುವಾಸಿಗಳಿಗಿಂತ, ವಾರ್ಡಿನಲ್ಲಿ ನಿಮ್ಮ ಕೆಲಸವನ್ನು ಹತ್ತಿರದಿಂದ ಕಂಡ ಪ್ರಾಧ್ಯಾಪಕರಿಂದ ಪಡೆಯಿರಿ; ಕೊನೆಯ ದಿನಾಂಕಕ್ಕೆ ಕನಿಷ್ಠ ಎರಡು ತಿಂಗಳಿರುವಾಗಲೇ ಅವರನ್ನು ಕೇಳಿ, ನಿಮ್ಮ ಬರಹದ ಕರಡನ್ನೂ ಜೊತೆಗೆ ಕೊಡಿ.