ಪ್ರೆಪಿ ಬೇಕು, ಯೂನಿಫಾರಂ ಬೇಡ

ಪ್ರೆಪಿ ಸ್ಟೈಲ್ ಇಷ್ಟ, ಆದರೆ ನೇವಿ ಪ್ಲೀಟೆಡ್ ಸ್ಕರ್ಟ್‌ಗೆ ಬಿಳಿ ಶರ್ಟ್ ಹಾಕಿದರೆ ಸ್ಕೂಲ್ ಯೂನಿಫಾರಂ ಥರ ಕಾಣುತ್ತದೆ ಅಂದಿದ್ದೀರಿ. ಕಾಣದೆ ಇರುತ್ತದಾ! ಈ ಸ್ಟೈಲ್ ಹುಟ್ಟಿದ್ದೇ ಅಮೆರಿಕದ ಪ್ರೆಪ್ ಸ್ಕೂಲ್ (ಕಾಲೇಜಿಗೆ ತಯಾರು ಮಾಡುವ ಖಾಸಗಿ ಶಾಲೆ), ಕಾಲೇಜುಗಳಲ್ಲಿ. ಸ್ಕರ್ಟ್ ಇರಲಿ, ಶರ್ಟ್ ಬದಲಿಸಿ. ತಿಳಿ ನೀಲಿ ಗೆರೆಯ ಆಕ್ಸ್‌ಫರ್ಡ್ ಬಟನ್-ಡೌನ್ ಶರ್ಟ್ ತಗೊಳ್ಳಿ. ಬಟ್ಟೆ ಸ್ವಲ್ಪ ದಪ್ಪ, ಕಾಲರ್ ತುದಿಗೂ ಗುಂಡಿ ಇರುತ್ತದೆ, ಹಾಗಾಗಿ ಸಂಜೆಯಾದರೂ ಕಾಲರ್ ಅಚ್ಚುಕಟ್ಟಾಗಿ ಕೂತಿರುತ್ತದೆ. ತೋಳು ಮೊಣಕೈವರೆಗೆ ಮಡಚಿ. ಬಿಳಿ ಸಾಕ್ಸ್, ಕಪ್ಪು ಶೂ ಬೇಡವೇ ಬೇಡ. ಕಂದು ಪೆನ್ನಿ ಲೋಫರ್ (ಲೇಸ್ ಇಲ್ಲದ ಶೂ), ಅದೇ ಬಣ್ಣದ ಬೆಲ್ಟ್ ಸಾಕು.

ಬೇಸಿಗೆಗೆ ಖಾಕಿ ಪ್ಯಾಂಟ್ ಮೇಲೆ ಮದ್ರಾಸ್ ಚೆಕ್ಸ್ ಹತ್ತಿ ಶರ್ಟ್ ನೋಡಿ. ಪಕ್ಕದ ಚೆನ್ನೈನ ಹಳೇ ಹೆಸರು ಹೊತ್ತ ಬಟ್ಟೆಯೇ ಅಮೆರಿಕದ ಪ್ರೆಪಿಗಳಿಗೆ ಅಚ್ಚುಮೆಚ್ಚು, ಮಜಾ ಅಲ್ವಾ? ಸ್ವೆಟರ್ ಹೆಗಲಿಗೆ ಕಟ್ಟಿಕೊಳ್ಳುವುದು ಮಾತ್ರ ನನಗೆ ಸ್ವಲ್ಪ ಜಾಸ್ತಿ ಅನಿಸುತ್ತದೆ.