ಕಂಬಳಿ ಸರಿ, ಬೀಗದ ಕೈ?

(ಷಿಕಾಗೊ ಬಳಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: "ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ಸೇತುವೆ ಕೆಳಗೆ, ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ಮುದುಕರೊಬ್ಬರು ಗುಡಾರ ಹಾಕಿಕೊಂಡಿದ್ದಾರೆ. ಕೊಡಗಿನಲ್ಲಿರುವ ನಮ್ಮ ಮಾವನಿಗೆ ಈಗಲೂ ಮಿಲಿಟರಿ ಪಿಂಚಣಿ ಬರುತ್ತದೆ. ಇಷ್ಟು ಸಿರಿವಂತ ದೇಶದ ಸೈನಿಕ ಬೀದಿಯಲ್ಲೇಕೆ? ಹಿಮ ಬೀಳುವ ಮೊದಲು ನಾವು ನಾಲ್ಕು ಮನೆಯವರು ಕಂಬಳಿ ಕೂಡಿಸುತ್ತಿದ್ದೇವೆ. ಮತ್ತೇನು ಮಾಡಬಹುದು?")

ಕಂಬಳಿ ಖಂಡಿತ ಕೊಡಿ. ಷಿಕಾಗೊ ಚಳಿಗೆ ಒಂದು ಸಾಲದು, ಎರಡು ಕೊಡಿ.

ಪಿಂಚಣಿಯ ಮಾತು ಮೊದಲು. ಭಾರತದ ಜವಾನನಿಗೆ 15 ವರ್ಷ ತುಂಬಿದರೆ ಪಿಂಚಣಿ. ಅಮೆರಿಕದಲ್ಲಿ ಸಾಮಾನ್ಯವಾಗಿ 20 ವರ್ಷ ದುಡಿಯಬೇಕು, ಅಷ್ಟು ವರ್ಷ ಉಳಿಯುವವರು ಕಡಿಮೆ. ವಿಯೆಟ್ನಾಂ ಕಾಲದಲ್ಲಿ ಕಡ್ಡಾಯ ಭರ್ತಿಯಾದವರ ಅವಧಿ ಎರಡೇ ವರ್ಷ. ಅವರಿಗೆ ಸೇವಾ ಪಿಂಚಣಿ ಎಲ್ಲಿಂದ ಬರಬೇಕು? (ನಮ್ಮಲ್ಲೂ 2022ರಿಂದ ಅಗ್ನಿವೀರರದು ನಾಲ್ಕು ವರ್ಷದ ನೌಕರಿ. ಆ ಜಗಳ ಇನ್ನೊಂದು ಸಂಚಿಕೆಗಿರಲಿ.)

ಹಾಗೆಂದು ಅಲ್ಲಿನ ಸರ್ಕಾರ ಕೈಕಟ್ಟಿ ಕೂತಿಲ್ಲ. ಪ್ರತಿ ಜನವರಿಯಲ್ಲಿ ಒಂದು ರಾತ್ರಿ ಮನೆಯಿಲ್ಲದವರನ್ನು ಎಣಿಸುತ್ತಾರೆ. 2010ರಲ್ಲಿ ಮಾಜಿ ಸೈನಿಕರು ಸುಮಾರು 74,000 ಸಿಕ್ಕಿದ್ದರು, 2024ರಲ್ಲಿ 32,882. ಅರ್ಧಕ್ಕಿಂತ ಕೆಳಗೆ ಇಳಿಯಲು ದೊಡ್ಡ ಕಾರಣ 'ಹಡ್-ವಾಶ್' ವೌಚರ್, ಅಂದರೆ ಮನೆಯಿಲ್ಲದ ಮಾಜಿ ಸೈನಿಕರಿಗೆ ಸರ್ಕಾರ ಕೊಡುವ ಬಾಡಿಗೆ ನೆರವಿನ ಚೀಟಿ. ಬಾಡಿಗೆದಾರ ತನ್ನ ಆದಾಯದ ಸುಮಾರು ಶೇ. 30ರಷ್ಟು ಕೊಡುತ್ತಾನೆ, ಮಿಕ್ಕಿದ್ದನ್ನು ವಸತಿ ಪ್ರಾಧಿಕಾರ ನೇರ ಮಾಲೀಕರಿಗೆ ಕಟ್ಟುತ್ತದೆ. ಕುಡಿತ ಬಿಟ್ಟು ಬಾ, ಆಮೇಲೆ ಮನೆ ಎನ್ನುವುದಿಲ್ಲ. ಮೊದಲು ಮನೆ, ಚಿಕಿತ್ಸೆ ಆಮೇಲೆ. ಬೆನ್ನಿಗೆ ಮಾಜಿ ಸೈನಿಕರ ಇಲಾಖೆಯ ಕಾರ್ಯಕರ್ತರೊಬ್ಬರು ಇರುತ್ತಾರೆ.

ಇಷ್ಟಾದರೂ ಸಿಕ್ಕಿಹಾಕಿಕೊಳ್ಳುವುದು ಎಲ್ಲಿ ಗೊತ್ತೇ? ವೌಚರ್ ಕೈಗೆ ಬರುತ್ತದೆ, ಮನೆ ಸಿಗುವುದಿಲ್ಲ. ಹಳೆಯ ಸಾಲ, ಹಿಂದೊಮ್ಮೆ ಮನೆ ಬಿಡಿಸಿದ ದಾಖಲೆ, ಮಾಸಿದ ಕೋಟು, ಇಷ್ಟು ಸಾಕು ಮಾಲೀಕರಿಗೆ. ಹುಡುಕಲು ಕೊಟ್ಟ ಗಡುವು ಅತ್ತ ಕರಗುತ್ತಿರುತ್ತದೆ. ನಿಮ್ಮ ಇಲಿನಾಯ್ ರಾಜ್ಯದಲ್ಲಿ ವೌಚರ್ ಎಂಬ ಕಾರಣಕ್ಕೆ ಬಾಡಿಗೆ ನಿರಾಕರಿಸುವುದು 2023ರಿಂದ ಕಾನೂನುಬಾಹಿರವೇ. ಆದರೆ "ಅಯ್ಯೋ, ನಿನ್ನೆಯಷ್ಟೇ ಬೇರೆಯವರಿಗೆ ಕೊಟ್ಟೆವಲ್ಲ" ಎನ್ನುವವರನ್ನು ಯಾವ ಕಾನೂನು ಹಿಡಿದೀತು?

ಆ ಹಿರಿಯರ ಮಟ್ಟಿಗೆ, 877-424-3838ಕ್ಕೆ ಕರೆ ಮಾಡಿ. ಮನೆಯಿಲ್ಲದ ಮಾಜಿ ಸೈನಿಕರಿಗಾಗಿಯೇ ಹಗಲೂ ರಾತ್ರಿಯೂ ಇರುವ ನಂಬರು, ಅವರ ಪರವಾಗಿ ನೀವೂ ಮಾಡಬಹುದು. ಸೇನೆಯಿಂದ ಬಿಡುಗಡೆಯಾದ ಪತ್ರ, 'ಡಿಡಿ-214', ಕಳೆದುಹೋಗಿದ್ದರೆ ಮತ್ತೆ ತರಿಸಬಹುದು. ಅವರ ಒಪ್ಪಿಗೆ ಕೇಳಿಯೇ ಮಾಡಿ. ಗುಡಾರವಾದರೂ ಅದು ಅವರ ಮನೆ.

ಇನ್ನು ನಿಮ್ಮ ಪತ್ರದ ಕೊನೆಯ ಸಾಲು. "ಕೂಡಿಸಿದ ಕಂಬಳಿಗಳನ್ನು ಖಾಲಿ ಬಿದ್ದಿರುವ ನಮ್ಮ ಹಳೆಯ ಕಾಂಡೊದಲ್ಲಿ ಇಟ್ಟಿದ್ದೇವೆ" ಎಂದು ಬರೆದಿದ್ದೀರಿ. (ಕಾಂಡೊ ಎಂದರೆ ಸ್ವಂತ ಫ್ಲ್ಯಾಟು.) ಇದನ್ನು ನಾನು ಎರಡು ಸಲ ಓದಿದೆ. ವೌಚರ್‌ಗೆ ಕೊಡುವುದು ಸಲೀಸಲ್ಲ: ಮನೆ ತಪಾಸಣೆಯಾಗಬೇಕು, ಬಾಡಿಗೆಗೆ ಮಿತಿಯಿದೆ, ಕಾಗದಪತ್ರ ಬೇಸರ ತರಿಸುತ್ತದೆ. ಎಲ್ಲ ಬಾಡಿಗೆದಾರರೂ ಸಾಧುಗಳು ಎಂದು ನಾನು ಹೇಳಲಾರೆ. ಇಂಜಿನಿಯರು ಬಾಡಿಗೆದಾರರೂ ಗೋಡೆಗೆ ಮೊಳೆ ಹೊಡೆಯುತ್ತಾರೆ. ಆದರೂ ಒಮ್ಮೆ ಯಜಮಾನರ ಜೊತೆ ಕೂತು ಮಾತಾಡಿ ನೋಡಿ. ಕಂಬಳಿ ಹಂಚಿ ಮುಗಿದ ಮೇಲೆ ಆ ಮನೆ ಹೇಗೂ ಖಾಲಿಯೇ ಅಲ್ಲವೇ?